ಬಿದಿರೆಯ ಓಲೆ, ಬರ್ಲಿನ್ನಿನ ತಕ್ಕಡಿ

ಮುಂಬಯಿಯ ಸೇಠ್ ಮಾಣಿಕಚಂದ್ ಹೀರಾಚಂದ್ ಜವಾಹಿರಿ ವ್ಯಾಪಾರಿ. ಮುತ್ತುರತ್ನಗಳನ್ನು ತೂಗಿ, ಬೆಳಕಿಗೆ ಹಿಡಿದು, ಬೆಲೆ ಹೇಳುವುದು ಅವರ ಕಸುಬು. 1883ರಲ್ಲಿ ಅವರು ಯಾತ್ರೆಗೆಂದು ಮೂಡಬಿದಿರೆಗೆ ಬಂದರು. ಆಗ ಮಂಗಳೂರಿಗೆ ರೈಲಿರಲಿಲ್ಲ. ಅದು ಬಂದದ್ದು 1907ರಲ್ಲಿ. ಅಷ್ಟು ದೂರದಿಂದ ಬಂದವರಿಗೆ ಜೈನಕಾಶಿ ಎನಿಸಿದ ಬಿದಿರೆಯಲ್ಲಿ ನೋಡಲು ಬೇಕಾದಷ್ಟಿತ್ತು. ಹದಿನೆಂಟು ಬಸದಿಗಳು, ಅವುಗಳ ನಡುವೆ 1430ರ ಸಾವಿರ ಕಂಬದ ಬಸದಿ. ಆದರೂ ಉತ್ತರದ ಯಾತ್ರಿಕರು ಹಂಬಲಿಸಿ ಬರುತ್ತಿದ್ದುದು ಗುರು ಬಸದಿಯ ಸಿದ್ಧಾಂತ ದರ್ಶನಕ್ಕೆ. ಅಲ್ಲಿದ್ದ ನಿಧಿ ಎರಡು ಬಗೆಯದು. ಒಂದು, ಬೆಲೆಬಾಳುವ ಕಲ್ಲುಗಳಲ್ಲಿ ಕಡೆದ ಪುಟ್ಟ ಜಿನಬಿಂಬಗಳು. ಇನ್ನೊಂದು, ಓಲೆಗರಿಯ ಕಟ್ಟುಗಳು: ಜೈನರ ಸಿದ್ಧಾಂತ ಗ್ರಂಥಗಳಾದ ಧವಲಾ, ಜಯಧವಲಾ, ಮಹಾಧವಲಾ.

ರತ್ನ ನೋಡಿ ಪಳಗಿದ ಕಣ್ಣು ಆ ದಿನ ನೆಟ್ಟದ್ದು ಓಲೆಯ ಮೇಲೆ. ಓಲೆಗಳು ಜೀರ್ಣವಾಗುತ್ತಿದ್ದವು. ಇವನ್ನು ಓದಬಲ್ಲವರು ಯಾರು ಎಂದು ಸೇಠರು ಕೇಳಿದರು. ಇಲ್ಲಿ ಪೂಜೆ ಉಂಟು, ಓದುವವರು ಇಲ್ಲ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಓದಿಯಾರು ಎಂಬ ಉತ್ತರ ಬಂತು. ಊರಿಗೆ ಮರಳಿದ ಮಾಣಿಕಚಂದರು ಸೊಲ್ಲಾಪುರದ ಗೆಳೆಯ ಹೀರಾಚಂದ್ ನೇಮಚಂದರಿಗೆ ವಿಷಯ ತಿಳಿಸಿದರು. ಮರುವರ್ಷ ಹೀರಾಚಂದರು ಬ್ರಹ್ಮಸೂರಿ ಶಾಸ್ತ್ರಿಗಳನ್ನೇ ಜೊತೆಗೆ ಕರೆದುಕೊಂಡು ಬಂದರು. ಓಲೆ ಬಿಚ್ಚಿ ಶಾಸ್ತ್ರಿಗಳು ಮಂಗಲಾಚರಣೆಯನ್ನು ಓದಿದರು.

ಅಲ್ಲಿಂದ ಮುಂದಿನ ಸುಮಾರು ಅರವತ್ತು ವರ್ಷ ಈ ಓಲೆಗಳಿಗೆ ಏನಾಯಿತು ಎಂಬುದು ಗ್ರಂಥ ಸಂಪಾದನೆಯ ಚರಿತ್ರೆಯಲ್ಲಿ ದಾಖಲಾಗಿದೆ. ನಾನು ಅದನ್ನು ಬೇರೊಂದು ಚರಿತ್ರೆಯ ಪಕ್ಕದಲ್ಲಿಟ್ಟು ನೋಡಹೊರಟಿದ್ದೇನೆ. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ರಾಶಿ ಸಂರಕ್ಷಣಾ ನಿಯಮದ ಚರಿತ್ರೆ ಅದು. ಉರಿದರೂ ಕರಗಿದರೂ ಕೊಳೆತರೂ ದ್ರವ್ಯದ ಒಟ್ಟು ತೂಕ ಹೆಚ್ಚದು, ಕಡಿಮೆಯಾಗದು. ಹಾಗಾದರೆ ಸೇಠರು ಹೆದರಿದ್ದು ಯಾತಕ್ಕೆ? ಓಲೆ ಪುಡಿಯಾದರೂ ಪುಡಿಯ ತೂಕ ಓಲೆಯಷ್ಟೇ ಇರುತ್ತದಲ್ಲ!

ಒಂದೇ ಪದ, ಎರಡು ಪುಸ್ತಕ

ಪ್ರೌಢಶಾಲೆಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ ದ್ರವ್ಯ ಎಂಬ ಪದವಿದೆ, ಪರಮಾಣು ಎಂಬ ಪದವಿದೆ. ಇವೆರಡನ್ನೂ ನಮ್ಮ ಪಾರಿಭಾಷಿಕ ಪದಕೋಶದವರು ಹೊಸದಾಗಿ ಟಂಕಿಸಲಿಲ್ಲ. ಎರಡೂ ಪದಗಳು ಬಿದಿರೆಯ ಓಲೆಗಳ ಲೋಕದಲ್ಲಿ ಸಾವಿರಾರು ವರ್ಷಗಳಿಂದ ಓಡಾಡಿಕೊಂಡಿದ್ದವು.

ಜೈನ ದರ್ಶನದಲ್ಲಿ ದ್ರವ್ಯಗಳು ಆರು. ಅವುಗಳಲ್ಲಿ ಮುಟ್ಟಲು, ಮೂಸಲು, ಸವಿಯಲು, ನೋಡಲು ಸಿಗುವುದು ಪುದ್ಗಲ ಒಂದೇ. ಅದರ ಕೊನೆಯ ತುಣುಕು ಪರಮಾಣು. ಪರಮಾಣುಗಳು ಅಂಟುಗುಣ ಮತ್ತು ಒರಟುಗುಣಗಳ ಬಲದಿಂದ ಕೂಡಿ ಸ್ಕಂಧಗಳಾಗುತ್ತವೆ, ಮತ್ತೆ ಬಿಡಿಯಾಗುತ್ತವೆ. ಹುಟ್ಟುವುದು, ಅಳಿಯುವುದು, ಹಾಗೇ ಉಳಿಯುವುದು, ಈ ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಹೊತ್ತಿನಲ್ಲಿ ನಡೆಯುತ್ತವೆ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಹೇಗೆ ಎಂದು ತೋರಿಸಲು ಸಮಂತಭದ್ರರು ಅಕ್ಕಸಾಲೆಯ ಅಂಗಡಿಯಿಂದ ಒಂದು ಉದಾಹರಣೆ ತಂದರು. ಬಂಗಾರದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಬಂಗಾರವಷ್ಟೇ ಬೇಕಿದ್ದವನಿಗೆ ಎರಡೂ ಇಲ್ಲ. ಉಳಿದ ಬಂಗಾರ ದ್ರವ್ಯ. ಬಂದುಹೋಗುವ ಕೊಡ, ಕಿರೀಟ ಎಲ್ಲ ಪರ್ಯಾಯ.

ಇಷ್ಟು ಕೇಳಿದ ಕೂಡಲೇ ನಮ್ಮಲ್ಲಿ ಕೆಲವರಿಗೆ ಎದೆ ಉಬ್ಬುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ ಹೇಳುವ ಮೊದಲೇ ನಮ್ಮವರು ಹೇಳಿದ್ದರು ಎಂದು ಭಾಷಣ ಶುರುವಾಗುತ್ತದೆ. ಆ ಭಾಷಣ ಇಬ್ಬರಿಗೂ ಅನ್ಯಾಯ. ಸಮಂತಭದ್ರರು ತಕ್ಕಡಿ ಹಿಡಿದಿರಲಿಲ್ಲ, ಹಿಡಿಯುವ ಉದ್ದೇಶವೂ ಅವರಿಗಿರಲಿಲ್ಲ. ಅವರ ಪ್ರಶ್ನೆ ಇರುವಿಕೆಯದು. ಲವಾಸಿಯೇ ಕೇಳಿದ್ದು ಅಂಗಡಿಕಾರನ ಪ್ರಶ್ನೆ: ಇಷ್ಟು ಒಳಗೆ ಹೋಯಿತು, ಇಷ್ಟು ಹೊರಗೆ ಬಂತು, ಲೆಕ್ಕ ತಾಳೆಯಾಯಿತೇ?

ಅವನ ಲೆಕ್ಕಪುಸ್ತಕ ಶುರುವಾದದ್ದು 1772ರಲ್ಲಿ. ಗಂಧಕ, ರಂಜಕಗಳು ಉರಿದಾಗ ತೂಕ ಹೆಚ್ಚುತ್ತದೆ ಎಂದು ಕಂಡು, ಆ ಮಾತನ್ನು ಬರೆದು ಮೊಹರು ಹಾಕಿ ವಿಜ್ಞಾನ ಅಕಾಡೆಮಿಯಲ್ಲಿ ಇಡಿಸಿದ. 1774ರಲ್ಲಿ ತವರವನ್ನು ಮುಚ್ಚಿದ ಗಾಜಿನ ಬುರುಡೆಯಲ್ಲಿ ಕಾಯಿಸಿದ. ತವರ ಬೂದಿಗಟ್ಟಿತು, ಬುರುಡೆಯ ಒಟ್ಟು ತೂಕ ಕದಲಲಿಲ್ಲ. ಬಾಯಿ ತೆರೆದಾಗ ಹೊರಗಿನ ಗಾಳಿ ಒಳಗೆ ನುಗ್ಗಿ ತೂಕ ಏರಿತು. ತವರ ತಿಂದದ್ದು ಬುರುಡೆಯೊಳಗಿನ ಗಾಳಿಯನ್ನು ಎಂದು ಅದರಿಂದ ಗೊತ್ತಾಯಿತು. 1789ರ ರಸಾಯನಶಾಸ್ತ್ರದ ಪುಸ್ತಕದಲ್ಲಿ ಅವನು ಈ ತತ್ತ್ವವನ್ನು ನೇರವಾಗಿ ಬರೆದ. ಬರೆದದ್ದು ಎಲ್ಲಿ ಗೊತ್ತೆ? ದ್ರಾಕ್ಷಾರಸ ಹುಳಿತು ಮದ್ಯವಾಗುವುದನ್ನು ವಿವರಿಸುವ ಅಧ್ಯಾಯದಲ್ಲಿ.

ಬಂಟ್ವಾಳ, ಬೆಳ್ತಂಗಡಿ ಕಡೆಯ ಮೂರ್ತೆದಾರರಿಗೆ ಆ ಅಧ್ಯಾಯ ಹೊಸದಾಗಿ ಕಾಣಲಾರದು. ಬೆಳಿಗ್ಗೆ ಇಳಿಸಿದ ಸಿಹಿ ಕಳ್ಳು ಮಧ್ಯಾಹ್ನಕ್ಕೆ ಮಡಕೆಯ ಬಾಯಲ್ಲಿ ನೊರೆ ಎತ್ತಿ ಬುಸುಗುಡುತ್ತದೆ. ಆ ನೊರೆ ಕಳ್ಳಿನಿಂದ ಓಡಿಹೋಗುತ್ತಿರುವ ಇಂಗಾಲದ ಡೈಆಕ್ಸೈಡ್. ಹುಳಿಯುವ ಸಕ್ಕರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೆ ಗಾಳಿಯಾಗುತ್ತದೆ, ಇನ್ನರ್ಧ ಮದ್ಯಸಾರವಾಗಿ ಉಳಿಯುತ್ತದೆ. ಮಡಕೆಯನ್ನಷ್ಟೇ ತೂಗಿದವನಿಗೆ ನಷ್ಟ ಕಾಣುತ್ತದೆ. ಗಾಳಿಯನ್ನೂ ಹಿಡಿದು ತೂಗಿದವನಿಗೆ ಲೆಕ್ಕ ಸರಿಹೋಗುತ್ತದೆ. ಲವಾಸಿಯೇಯ ಹೆಚ್ಚುಗಾರಿಕೆ ಇದ್ದದ್ದು ಗಾಳಿಯನ್ನು ಲೆಕ್ಕದೊಳಗೆ ತಂದುದರಲ್ಲಿ.

1794ರ ಮೇ 8ರಂದು ಕ್ರಾಂತಿಕಾರಿಗಳು ಅವನ ತಲೆ ತೆಗೆದರು. ಅದೇ ವರ್ಷ ಇತ್ತ ಬೆಳ್ತಂಗಡಿಯ ಹತ್ತಿರ, ನೆಟ್ಟಗೆ ಎದ್ದು ನಿಂತ ಬೋಳು ಬಂಡೆಯ ನೆತ್ತಿಯಲ್ಲಿ ಟಿಪ್ಪು ಸುಲ್ತಾನ ಜಮಾಲಾಬಾದ್ ಕೋಟೆ ಕಟ್ಟಿಸಿದ. ಇಂದು ಕೋಟೆಯ ಗೋಡೆಗಳು ಕುಸಿದಿವೆ. ಕಲ್ಲುಗಳು ಅಲ್ಲೇ ಬಿದ್ದಿವೆ.

ಮಣ್ಣಾದ ಮನೆ, ಮಣ್ಣಾಗದ ಹಂಚು

ನೇತ್ರಾವತಿ ಕುದುರೆಮುಖದ ಬೆಟ್ಟಸಾಲಿನಿಂದ ಇಳಿದು ಬೆಳ್ತಂಗಡಿ ತಾಲೂಕನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳದ ಪೇಟೆಯ ಬದಿಯಿಂದ ಕಡಲಿಗೆ ಹೋಗುತ್ತದೆ. ಮಳೆಗಾಲದಲ್ಲಿ ಅದರ ಬಣ್ಣ ನೋಡಿದರೆ ಸಾಕು, ಬೆಟ್ಟ ಕರಗಿ ಹರಿಯುತ್ತಿದೆ ಎಂದು ಗೊತ್ತಾಗುತ್ತದೆ. ಮೇಲೆ ಕಲ್ಲಾಗಿದ್ದದ್ದು ಕೆಳಗೆ ಹೊಯಿಗೆ, ಅದಕ್ಕೂ ನಯವಾದದ್ದು ಜೇಡಿ. ಮಲೆನಾಡಿನ ಸರಕು ದೋಣಿಯಲ್ಲಿ ಮಂಗಳೂರಿಗೆ ಇಳಿಯುತ್ತಿದ್ದ ಕಾಲದಲ್ಲಿ ಬಂಟ್ವಾಳ ದೊಡ್ಡ ಪೇಟೆ. ಹೊಳೆಯ ಲಾಭ ಉಂಡ ಊರಿಗೆ ಹೊಳೆಯ ಕಾಟವೂ ಕಟ್ಟಿಟ್ಟದ್ದು. ಬಂಟ್ವಾಳದ ನೆರೆ ಎಂದರೆ ಜಿಲ್ಲೆಯಲ್ಲಿ ಗೊತ್ತಿಲ್ಲದವರಿಲ್ಲ.

ಆ ನೆರೆಗಳಲ್ಲಿ ಹಿರಿಯದು 1923ರದು. ತುಳುವಿನಲ್ಲಿ ಅದನ್ನು ಮಾರಿ ಬೊಳ್ಳ ಎನ್ನುತ್ತಾರೆ. ಬೊಳ್ಳ ಎಂದರೆ ನೆರೆ. ಮಾರಿ ಎಂದರೆ ಏನೆಂದು ಹೇಳಬೇಕಿಲ್ಲ. ಹೊಳೆ ಪೇಟೆಯೊಳಗೆ ನಿಂತಿತು. ಆಗಿನ ಮನೆಗಳಲ್ಲಿ ಬಹಳಷ್ಟು ಮಣ್ಣಿನ ಗೋಡೆಯವು. ಮಣ್ಣು ಕಲಸಿ, ಮುದ್ದೆ ಕಟ್ಟಿ, ವರಸೆಯ ಮೇಲೆ ವರಸೆ ಇಟ್ಟು ಬಿಸಿಲಿಗೆ ಒಣಗಿಸಿದ ಗೋಡೆ ದಿನಗಟ್ಟಲೆ ನೀರಲ್ಲಿ ನಿಂತರೆ ಮತ್ತೆ ಕಲಸಿದ ಮಣ್ಣೇ ಆಗುತ್ತದೆ. ಒಣಗಿದಾಗ ಹೋದದ್ದು ನೀರು ಮಾತ್ರ, ನೆನೆದಾಗ ಬಂದದ್ದೂ ನೀರೇ. ಪುಸ್ತಕದ ಭಾಷೆಯಲ್ಲಿ ಇದು ಭೌತಿಕ ಬದಲಾವಣೆ. ಬಂದ ದಾರಿಯಲ್ಲೇ ಹಿಂದಿರುಗಬಹುದು. ನೆರೆ ಇಳಿದ ಮೇಲೆ ಅಂಗಳದಲ್ಲಿ ನಿಂತವನ ಎದುರು ಮನೆಯ ಮಣ್ಣೆಲ್ಲ ಇತ್ತು, ಸ್ವಲ್ಪ ಹೊಳೆ ಒಯ್ದಿದ್ದರೆ ಅದು ಕೆಳಗಿನ ಯಾವುದೋ ಗದ್ದೆಯಲ್ಲಿತ್ತು. ಇಲ್ಲದ್ದು ಮನೆ.

ಆ ಕೆಸರಿನೊಳಗೆ ಕೈಹಾಕಿದರೆ ಇಡಿಯಾಗಿ ಸಿಗುತ್ತಿದ್ದದ್ದು ಮಾಡಿನ ಹಂಚು. ಅದೂ ಹೊಳೆದಂಡೆಯ ಜೇಡಿಯಿಂದಲೇ ಆದದ್ದು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಹುಲ್ಲು ಮಾಡಿನ ಜಿಲ್ಲೆ ನಿಧಾನವಾಗಿ ಕೆಂಪು ಮಾಡಿನ ಜಿಲ್ಲೆಯಾಯಿತು. ಗೋಡೆಯ ಮಣ್ಣಿಗೂ ಹಂಚಿನ ಮಣ್ಣಿಗೂ ಇರುವ ವ್ಯತ್ಯಾಸ ಒಲೆಯದು. ಜೇಡಿಯ ಕಣಗಳಲ್ಲಿ ನೀರು ಎರಡು ಬಗೆಯಲ್ಲಿ ಅಡಗಿರುತ್ತದೆ. ಮೇಲೆ ಮೆತ್ತಿದ ನೀರು ಬಿಸಿಲಿಗೇ ಹೋಗುತ್ತದೆ. ಹರಳಿನ ಒಡಲಲ್ಲೇ ಹೆಣೆದುಕೊಂಡ ನೀರು ಐದಾರು ನೂರು ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾತ್ರ ಬಿಡುತ್ತದೆ. ಶುದ್ಧ ಬಿಳಿ ಜೇಡಿಯಲ್ಲಿ ಇದು ತೂಕದ ಶೇಕಡಾ 14ರಷ್ಟು. ಅಂದರೆ 100 ಕಿಲೋ ಒಣ ಜೇಡಿ ಸುಟ್ಟರೆ ಕೈಗೆ ಬರುವುದು 86 ಕಿಲೋ, ಉಳಿದ 14 ಕಿಲೋ ಹಬೆಯಾಗಿ ಚಿಮಣಿಯಲ್ಲಿ ಹೋಯಿತು. ಆ ನೀರನ್ನು ತಿರುಗಿ ಹೊಯ್ದರೆ ಹಂಚು ಜೇಡಿಯಾಗದು. ಇದು ರಾಸಾಯನಿಕ ಬದಲಾವಣೆ. ಹೋದ ಬಾಗಿಲು ಮುಚ್ಚಿಕೊಂಡಿರುತ್ತದೆ.

ಮನೆ ಕಳೆದುಕೊಂಡವನಿಗೆ ರಾಶಿ ಸಂರಕ್ಷಣಾ ನಿಯಮ ಹೇಳಿ ಸಮಾಧಾನ ಮಾಡಲಾಗದು. ಕೊಡ ಬೇಕಿದ್ದವನ ದುಃಖ ಅವನದು. 1923ರಲ್ಲಿ ಬಂಟ್ವಾಳದ ಜನರಿಗೆ ಗೊತ್ತಾದ ಈ ಸಂಗತಿ ಬಿದಿರೆಯ ಓಲೆಗಳ ಸುತ್ತ ನಿಂತವರಿಗೆ ಅದಕ್ಕೂ ನಾಲ್ವತ್ತು ವರ್ಷ ಮೊದಲು ಗೊತ್ತಾಗಿತ್ತು.

ಮರ, ಎಣ್ಣೆ, ಕಾಡಿಗೆ

ಓಲೆಗೆ ಒಳ್ಳೆಯ ಮರ ಶ್ರೀತಾಳೆ. ಹತ್ತಾರು ವರ್ಷ ಗರಿ ಬಿಟ್ಟುಕೊಂಡು ನಿಂತು, ಒಂದೇ ಒಂದು ಸಲ ನೆತ್ತಿಯಲ್ಲಿ ಗೋಪುರದಂತೆ ಹೂವೆತ್ತಿ, ಕಾಯಿ ಉದುರಿಸಿ ಸಾಯುವ ಮರ. ಅದರ ಎಳೆಯ ಗರಿಯನ್ನು ಸೀಳಿ, ಕಡ್ಡಿ ತೆಗೆದು, ನೀರಲ್ಲಿ ಕುದಿಸಿ, ನೆರಳಲ್ಲಿ ಒಣಗಿಸಿ, ಉಜ್ಜಿ ನಯಮಾಡಿ, ಅಳತೆಗೆ ಕತ್ತರಿಸಿ ದಾರಕ್ಕೆ ತೂತು ಹೊಡೆಯುತ್ತಾರೆ. ಸಾಮಾನ್ಯವಾಗಿ ಕಂಟದಿಂದ ಅಕ್ಷರ ಕೊರೆಯುವುದು ರೂಢಿ. ಕೊರೆದಾಗ ಓಲೆ ಓಲೆಯ ಬಣ್ಣದಲ್ಲೇ ಇರುತ್ತದೆ, ಅಕ್ಷರ ಕಾಣದು. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಮೇಲೆ ಬಳಿದು ಒರೆಸಿದರೆ ಗೀರಿನೊಳಗೆ ಮಸಿ ನಿಂತು ಗ್ರಂಥ ಎದ್ದು ಬರುತ್ತದೆ.

ಈ ಕಾಡಿಗೆಯ ಲೆಕ್ಕ ಸ್ವಾರಸ್ಯದ್ದು. ಹಣತೆಯ ಎಣ್ಣೆಯಲ್ಲಿರುವ ಇಂಗಾಲಕ್ಕೆ ಸಾಕಷ್ಟು ಗಾಳಿ ಸಿಕ್ಕರೆ ಅದು ಪೂರ್ತಿ ಉರಿದು ಕಣ್ಣಿಗೆ ಕಾಣದ ಅನಿಲವಾಗಿ ಹೋಗುತ್ತದೆ. ಮೇಲೆ ಮಡಕೆ ಕವುಚಿ ಉಸಿರು ಬಿಗಿದರೆ ಒಂದಿಷ್ಟು ಇಂಗಾಲ ಉರಿಯದೆ ಮಡಕೆಯ ತಳಕ್ಕೆ ಕೂರುತ್ತದೆ. ಹೀಗೆ ಅರ್ಧಕ್ಕೆ ನಿಂತ ಉರಿಯೇ ಕಪ್ಪು ಅಕ್ಷರ. ಒಮ್ಮೆ ಕಾಡಿಗೆಯಾದ ಇಂಗಾಲ ಮನೆಯ ಬಿಸಿಲಿಗೆ, ತೇವಕ್ಕೆ ಬಗ್ಗುವುದಿಲ್ಲ. ಓಲೆ ಹಳದಿಯಾಗಿ, ಕಂದಾಗಿ, ಪುಡಿಯಾದರೂ ಮಸಿ ಮಾತ್ರ ಕಪ್ಪಾಗಿಯೇ ಇರುತ್ತದೆ. ಮೊದಲು ಸಾಯುವುದು ಹಾಳೆ, ಅಕ್ಷರವಲ್ಲ.

ಹಾಳೆಯ ಸಾವಿಗೆ ಕರಾವಳಿಯಲ್ಲಿ ಕಾರಣಗಳು ಬೇಕಾದಷ್ಟು. ಮಳೆಗಾಲದ ತೇವ, ಬೂಷ್ಟು, ಗೆದ್ದಲು, ಓಲೆ ಕೊರೆಯುವ ಹುಳ. ಹುಳ ತಿಂದ ಓಲೆ ಹುಳದ ಮೈಯಾಗುತ್ತದೆ, ಅದರ ಹಿಕ್ಕೆಯಾಗುತ್ತದೆ, ಅದು ಬಿಟ್ಟ ಉಸಿರಾಗುತ್ತದೆ. ತೂಗಿ ನೋಡಿದರೆ ಒಂದು ಗುಲಗಂಜಿಯೂ ಕಡಿಮೆಯಿಲ್ಲ. ಅದಕ್ಕಾಗಿಯೇ ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದು, ಬಟ್ಟೆಯಲ್ಲಿ ಸುತ್ತುವುದು, ಎರಡು ಹಲಗೆಗಳ ನಡುವೆ ಬಿಗಿದು ಕಟ್ಟುವುದು. ಇಷ್ಟೆಲ್ಲ ಮಾಡಿದರೂ ಒಂದು ಓಲೆಗೆ ಆಯುಸ್ಸು ಕೆಲವು ಶತಮಾನ. ಅಷ್ಟರೊಳಗೆ ಯಾರಾದರೂ ಕೂತು ಹೊಸ ಓಲೆಗೆ ನಕಲು ಮಾಡಬೇಕು.

ಕನ್ನಡನಾಡು ಇದನ್ನು ಚೆನ್ನಾಗಿ ಅರಿತಿತ್ತು. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಕಥೆ ನಮಗೆಲ್ಲ ಗೊತ್ತು. ಬಿದಿರೆಯ ಮಹಾಧವಲಾ ಪ್ರತಿಯ ಹಿಂದೆಯೂ ಒಬ್ಬ ಹೆಣ್ಣುಮಗಳಿದ್ದಾಳೆ. ಶ್ರುತಪಂಚಮಿಯ ವ್ರತ ಮುಗಿಸಿದ ಮಲ್ಲಿಕಬ್ಬೆ ಅದನ್ನು ಬರೆಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಧವಲಾದ ಹಳೆಯ ಓಲೆಗಳನ್ನು, ಅವುಗಳ ಮೇಲಿನ ವರ್ಣಚಿತ್ರಗಳನ್ನು ವಿದ್ವಾಂಸರು ಹನ್ನೆರಡನೇ ಶತಮಾನಕ್ಕೆ ಸೇರಿಸುತ್ತಾರೆ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡದ್ದು. ಗುಜರಾತಿನ ಗಿರಿನಾರದ ಗುಹೆಯಲ್ಲಿ ಧರಸೇನರು ಪುಷ್ಪದಂತ, ಭೂತಬಲಿಗಳಿಗೆ ಕಲಿಸಿದರೆನ್ನುವ ಷಟ್ಖಂಡಾಗಮ, ಅದಕ್ಕೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನರು ಬರೆದ 72,000 ಗ್ರಂಥ ಪ್ರಮಾಣದ ಧವಲಾ ಟೀಕೆ. ಒಂದು ಗ್ರಂಥಕ್ಕೆ 32 ಅಕ್ಷರದಂತೆ ಸುಮಾರು 23 ಲಕ್ಷ ಅಕ್ಷರ. ಇಂಡಿಯಾದಲ್ಲೆಲ್ಲ ಹುಡುಕಿದರೂ ಹಳೆಯ ಪ್ರತಿ ಉಳಿದಿದ್ದುದು ಕನ್ನಡ ಲಿಪಿಯಲ್ಲಿ, ಬಿದಿರೆಯಲ್ಲಿ.

ಇಪ್ಪತ್ತಾರು ವರ್ಷದ ನಕಲು

ನಕಲು ಮಾಡಿಸಲು ಹಣ ಕೂಡಿತು. ಒಪ್ಪಿಗೆ ಸಿಗಲು ಮತ್ತಷ್ಟು ವರ್ಷ ಬೇಕಾಯಿತು. ಕೊನೆಗೆ ಊರಿನವರು ಹಾಕಿದ ಷರತ್ತು ಒಂದು: ಮೂಲ ಮಾತ್ರವಲ್ಲ, ನಕಲೂ ಬಿದಿರೆಯಿಂದ ಹೊರಗೆ ಹೋಗಬಾರದು. ಈಗ ಇದನ್ನು ಓದಿ ನಗುವುದು ಸುಲಭ. ಆದರೆ ಏಳೆಂಟು ಶತಮಾನ ಆ ಓಲೆಗಳನ್ನು ಹುಳಕ್ಕೂ ಕಳ್ಳರಿಗೂ ಬಿಟ್ಟುಕೊಡದೆ ಕಾದವರು ಹೀಗೆ ಬಿಗಿಯಾಗಿದ್ದ ಜನರೇ. ಕೈಯಿಂದ ಕೈಗೆ ಓಡಾಡಿದ್ದರೆ ನಮ್ಮ ಕಾಲದವರೆಗೆ ಬರುತ್ತಿತ್ತೋ ಇಲ್ಲವೋ.

1896ರಲ್ಲಿ ಕೆಲಸ ಶುರುವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳು ಹೆಚ್ಚು ಕಾಲ ಉಳಿಯಲಿಲ್ಲ. ಅವರ ಜೊತೆಗೆ ಬಂದಿದ್ದ ಗಜಪತಿ ಉಪಾಧ್ಯಾಯರು ನಾಗರಿ ಲಿಪಿಯಲ್ಲಿ ನಕಲು ಮುಂದುವರಿಸಿದರು. ಸ್ಥಳೀಯರಾದ ದೇವರಾಜ ಶೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಮೊದಲಾದವರು ಹೊಸಗನ್ನಡ ಲಿಪಿಗೆ ಇಳಿಸಿದರು. ಧವಲಾ, ಜಯಧವಲಾಗಳಿಗೇ ಹದಿನಾರು ವರ್ಷ ಹಿಡಿಯಿತು. ಮಹಾಧವಲಾವನ್ನು ನೇಮಿರಾಜ ಶೆಟ್ಟರು ಕನ್ನಡದಲ್ಲೂ ಲೋಕನಾಥ ಶಾಸ್ತ್ರಿಗಳು ನಾಗರಿಯಲ್ಲೂ ಬರೆದು ಮುಗಿಸುವಾಗ 1922 ಬಂದಿತ್ತು. ಒಟ್ಟು 26 ವರ್ಷ. ಅಷ್ಟರಲ್ಲಿ ಮಹಾಧವಲಾದ ಕೆಲವು ಓಲೆಗಳು ನಕಲಿಗೂ ಸಿಗದಂತೆ ಸವೆದುಹೋಗಿದ್ದವು.

ಲಿಪಿ ಬದಲಾದರೂ ಒಳಗಿನ ಮಾತು ಅದೇ. ಹಳಗನ್ನಡದಿಂದ ಹೊಸಗನ್ನಡಕ್ಕೆ, ಕನ್ನಡದಿಂದ ನಾಗರಿಗೆ ಎಂದರೆ ಹೆಪ್ಪುಗಟ್ಟಿದ ತುಪ್ಪ ಕರಗಿದಂತೆ. ಬೇಕೆಂದಾಗ ಹಿಂದಕ್ಕೆ ಹೋಗಬಹುದು. ಅನುವಾದವಾದರೆ ಹಾಗಲ್ಲ, ಅದು ಹಾಲು ಮೊಸರಾದ ಹಾಗೆ. ಬಿದಿರೆಯ ಲಿಪಿಕಾರರ ಕೆಲಸ ಮೊದಲ ಬಗೆಯದು. ಅದಕ್ಕೆ ಬೇಕಾದದ್ದು ಪ್ರತಿಭೆಗಿಂತ ಹೆಚ್ಚಾಗಿ ಎಚ್ಚರ. ಒಳಗೆ ಹೋದ ಅಕ್ಷರವೆಲ್ಲ ಹೊರಗೆ ಬರಬೇಕು, ಒಂದೂ ಹೆಚ್ಚಬಾರದು, ಒಂದೂ ಸೋರಬಾರದು.

ಸರಿಯಾಗಿ ಅದೇ ವರ್ಷಗಳಲ್ಲಿ ಬರ್ಲಿನ್ನಿನಲ್ಲಿ ಒಬ್ಬ ಮುದುಕ ಸೋರಿಕೆಯ ಇನ್ನೊಂದು ಲೆಕ್ಕ ಹಿಡಿದು ಕೂತಿದ್ದ. ಹಾನ್ಸ್ ಲಾಂಡೋಲ್ಟ್ ರಸಾಯನಶಾಸ್ತ್ರದ ಪ್ರೊಫೆಸರು. ಲವಾಸಿಯೇಯ ನಿಯಮವನ್ನು ನೂರು ವರ್ಷದಿಂದ ಎಲ್ಲರೂ ನಂಬಿಕೊಂಡು ಬಂದಿದ್ದಾರೆ, ಆದರೆ ಎಷ್ಟರ ಮಟ್ಟಿಗೆ ನಿಜ ಎಂದು ಯಾರೂ ಕೂಲಂಕಷವಾಗಿ ನೋಡಿಲ್ಲ ಎಂಬುದು ಅವನ ತಕರಾರು. ತಲೆಕೆಳಗಾದ ಯು ಆಕಾರದ ಗಾಜಿನ ಕೊಳವೆಯ ಎರಡು ಕಾಲುಗಳಲ್ಲಿ ಎರಡು ದ್ರಾವಣ, ಒಂದರಲ್ಲಿ ಬೆಳ್ಳಿಯ ಲವಣವಿದ್ದರೆ ಇನ್ನೊಂದರಲ್ಲಿ ಕಬ್ಬಿಣದ್ದು. ಗಾಜನ್ನೇ ಕರಗಿಸಿ ಬಾಯಿ ಮುಚ್ಚುವುದು, ತೂಗುವುದು, ಕೊಳವೆಯನ್ನು ವಾಲಿಸಿ ಬೆರೆಸುವುದು, ಬೆಳ್ಳಿ ಪುಡಿಯಾಗಿ ಇಳಿದ ಮೇಲೆ ಮತ್ತೆ ತೂಗುವುದು. 1893ರ ಮೊದಲ ವರದಿಯಲ್ಲಿ ಕೆಲವು ಕಡೆ ತೂಕ ಚೂರು ಇಳಿದಂತೆ ಕಂಡಿತು, ಮಿಲಿಗ್ರಾಮಿನ ಸಣ್ಣ ಭಾಗದಷ್ಟು. ನಿಯಮವೇ ತಪ್ಪೇ?

ಲಾಂಡೋಲ್ಟ್ ಅವಸರ ಮಾಡಲಿಲ್ಲ. ವರ್ಷಗಟ್ಟಲೆ ಮತ್ತೆ ಮತ್ತೆ ತೂಗಿ ಕಳ್ಳನನ್ನು ಹಿಡಿದ. ಎರಡು ದ್ರಾವಣ ಕೂಡಿದಾಗ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ಗಾಜಿನ ಹೊರಮೈಗೆ ಅಂಟಿದ್ದ ತೇವದ ಪೊರೆ ಆರುತ್ತದೆ, ಗಾಜು ಒಂದಿಷ್ಟು ಉಬ್ಬುತ್ತದೆ. ಎರಡೂ ಮೊದಲಿನಂತಾಗಲು ದಿನಗಳು ಬೇಕು. ಕಾದು ತೂಗಿದರೆ ವ್ಯತ್ಯಾಸವಿಲ್ಲ. 1908ರಲ್ಲಿ ಅವನು ಕೊಟ್ಟ ತೀರ್ಪು: ಬದಲಾವಣೆ ಇದ್ದರೂ ಅದು ತನ್ನ ತಕ್ಕಡಿಗೆ ಸಿಗದಷ್ಟು ಚಿಕ್ಕದು. ಅದಕ್ಕೂ ಮೂರು ವರ್ಷ ಮೊದಲು, 1905ರಲ್ಲಿ, ದ್ರವ್ಯರಾಶಿಯೂ ಶಕ್ತಿಯೂ ಒಂದೇ ಲೆಕ್ಕದಲ್ಲಿ ಬರಬೇಕು ಎಂದು ಐನ್‌ಸ್ಟೈನ್ ತೋರಿಸಿದ್ದ. ರಾಸಾಯನಿಕ ಕ್ರಿಯೆಗಳಲ್ಲಿ ಆ ಹೆಚ್ಚುಕಡಿಮೆ ಎಷ್ಟು ಅಲ್ಪವೆಂದರೆ ಹಂಚಿನ ಕಾರ್ಖಾನೆಯವರೂ ಕಳ್ಳಿನವರೂ ತಲೆಕೆಡಿಸಿಕೊಳ್ಳಬೇಕಿಲ್ಲ.

ರಾತ್ರಿಯ ಪ್ರತಿ

ಬರ್ಲಿನ್ನಿನ ಕೊಳವೆ ಭದ್ರವಾಗಿತ್ತು. ಬಿದಿರೆಯ ಕೊಳವೆ ಸೋರಿತು. ಸೋರಿದ್ದೇ ಒಳ್ಳೆಯದಾಯಿತು.

ಹಗಲು ಮಠದ ಕೆಲಸ ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು, ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು ಎಂದು ಮುಂದೆ ಗ್ರಂಥ ಅಚ್ಚುಮಾಡಿದ ಸಂಪಾದಕರು ಬರೆದಿದ್ದಾರೆ. ಷರತ್ತಿನ ಪ್ರಕಾರ ಇದು ತಪ್ಪು. ಪ್ರತಿಯನ್ನು ಹಿಡಿದು ಅವರು ಸೊಲ್ಲಾಪುರಕ್ಕೆ ಹೋದಾಗ ಹೀರಾಚಂದರು ಮುಟ್ಟಲಿಲ್ಲ, ಮಾಣಿಕಚಂದರೂ ಒಲ್ಲೆ ಎಂದರು. ಕೊಟ್ಟ ಮಾತು ದೊಡ್ಡದಾಗಿತ್ತು. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಬರಮಾಡಿಕೊಂಡು ತಮ್ಮ ಮಂದಿರದಲ್ಲಿ ಇಟ್ಟರು. ಅವರೂ ಅದನ್ನು ಬೀಗ ಹಾಕಿಯೇ ಇಟ್ಟರು. ಕನ್ನಡ ಬಲ್ಲ ಪಂಡಿತರು ಓದಿ ಹೇಳುತ್ತ ಹೋದಂತೆ ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದರು. ಬರೆಯುವಾಗ ತಮಗೂ ಒಂದು ಪ್ರತಿ ಉಳಿಸಿಕೊಂಡರು! ಅದರಿಂದ ಇನ್ನಷ್ಟು ಪ್ರತಿಗಳು ಹುಟ್ಟಿ ಊರೂರು ಸೇರಿದವು. ಬೀಗ ಹಾಕಿದಲ್ಲೆಲ್ಲ ಒಬ್ಬ ಲಿಪಿಕಾರ ಕಿಂಡಿ ಕೊರೆದ.

1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಮರಾವತಿಯಿಂದ ಹೊರಬಂತು. ಮುಂದೆ ಅದು 16 ಸಂಪುಟಗಳಾಯಿತು. ಅಚ್ಚಾದ ಪುಸ್ತಕ ಕಣ್ಣೆದುರು ಬಂದ ಮೇಲೆ ಬಿದಿರೆಯ ಬಾಗಿಲೂ ತೆರೆಯಿತು. ಲೋಕನಾಥ ಶಾಸ್ತ್ರಿಗಳಂಥವರು ಅಚ್ಚಿನ ಪಾಠವನ್ನು ಮೂಲ ಓಲೆಯ ಜೊತೆ ಸಾಲುಸಾಲಾಗಿ ತಾಳೆ ನೋಡಿದರು. ಇಲ್ಲಿಗೆ ಬಂದಾಗ ನನಗೆ ಲಾಂಡೋಲ್ಟನ ಎರಡನೆಯ ತೂಕ ನೆನಪಾಗುತ್ತದೆ. ಕ್ರಿಯೆ ಮುಗಿದಿದೆ, ಇನ್ನು ಏನು ಹೋಯಿತು, ಏನು ಉಳಿಯಿತು ಎಂದು ನೋಡುವ ಹೊತ್ತು.

ಹೋದವುಗಳಲ್ಲಿ ಒಂದು ಪದ ಹೆಸರಾಯಿತು. ಮೊದಲ ಖಂಡದ 93ನೇ ಸೂತ್ರ ಹೆಣ್ಣಿನ ಆಧ್ಯಾತ್ಮಿಕ ಮೆಟ್ಟಿಲುಗಳನ್ನು ಎಣಿಸುತ್ತದೆ. ಅಲ್ಲಿ ‘ಸಂಜದ’ ಎಂಬ ಪದ ಇರಬೇಕು ಎಂದು ಸಂಪಾದಕರಿಗೆ ಅರ್ಥದ ಬಲದಿಂದ ಅನ್ನಿಸಿತ್ತು. ಕೈಗೆ ಬಂದ ಪ್ರತಿಗಳಲ್ಲಿ ಇರಲಿಲ್ಲ. ಸಂಜದ ಎಂದರೆ ಸಂಯತ, ಪೂರ್ಣ ಸಂಯಮ ಹಿಡಿದ ಜೀವ. ಆ ಪದ ಇದ್ದರೆ ಹೆಣ್ಣಿಗೆ ಮೇಲಿನ ಮೆಟ್ಟಿಲುಗಳೂ ಸಲ್ಲುತ್ತವೆ, ಇಲ್ಲದಿದ್ದರೆ ಕೆಳಗೇ ನಿಲ್ಲಬೇಕು ಎಂಬ ಅರ್ಥ ಬಂದು, ಸ್ತ್ರೀಮುಕ್ತಿಯ ಹಳೆಯ ಜಗಳ ಹೊಸದಾಗಿ ಹೊತ್ತಿಕೊಂಡಿತು. ಪಂಡಿತರು ಪಕ್ಷ ಕಟ್ಟಿದರು. ಪದಕ್ಕೆ ಯಾವ ಅರ್ಥ ಮಾಡಬೇಕು ಎಂಬ ವಾದ ಬೇರೆ. ಪದ ಇದೆಯೋ ಇಲ್ಲವೋ ಎಂಬುದಕ್ಕೆ ಉತ್ತರ ಇದ್ದದ್ದು ಒಂದೇ ಕಡೆ. ಬಿದಿರೆಯ ಓಲೆ ಬಿಚ್ಚಿದರು. ಸಂಜದ ಅಲ್ಲಿತ್ತು.

ಮೂರಕ್ಷರ. ನಕಲು ಮಾಡುವ ಯಾವುದೋ ಹಂತದಲ್ಲಿ ಕಣ್ಣು ಜಾರಿ ಬಿದ್ದದ್ದು. ಕಾಗದದ ತೂಕದಲ್ಲಿ, ಮಸಿಯ ತೂಕದಲ್ಲಿ ಅದರಿಂದ ಆದ ವ್ಯತ್ಯಾಸ ಲಾಂಡೋಲ್ಟನ ತಕ್ಕಡಿಗೂ ಸಿಗುತ್ತಿತ್ತೋ ಇಲ್ಲವೋ. ಬಂಗಾರ ಪೂರಾ ಇತ್ತು, ಕೊಡದಲ್ಲಿ ತೂತಿತ್ತು.

ಪಂಚಮಿಯ ಬಿಸಿಲು

ಅದಾದ ಮೇಲೆ ಓಲೆಯನ್ನು ನಂಬಿ ಕೂರಬಾರದೆಂದು ತಾಮ್ರಕ್ಕೆ ಮೊರೆಹೋದರು. ಬೆಳಗಾವಿ ಜಿಲ್ಲೆಯವರಾದ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಈ ಗ್ರಂಥಗಳನ್ನು ತಾಮ್ರದ ತಗಡುಗಳ ಮೇಲೆ ಮೂಡಿಸಿದರು. ತಾಮ್ರವೇನೂ ಶಾಶ್ವತವಲ್ಲ. ಗಾಳಿಯ ಆಮ್ಲಜನಕ, ತೇವ, ಇಂಗಾಲದ ಡೈಆಕ್ಸೈಡ್ ಮೂರನ್ನೂ ಎಳೆದುಕೊಂಡು ಕಿಲುಬು ಹಿಡಿಯುತ್ತದೆ. ಆಗ ಅದರ ತೂಕ ಏರುತ್ತದೆ, ಓದು ಮಸುಕಾಗುತ್ತದೆ. 1948ರಲ್ಲಿ ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ಸೀಮೆಯ ತಾಡಪತ್ರಗಳ ಸೂಚಿಯನ್ನು ಹೊರತಂದಾಗ ಬಿದಿರೆಯ ಭಂಡಾರಗಳಲ್ಲಿ ಇನ್ನೂ ಏನೇನಿದೆ ಎಂದು ಹೊರಗಿನವರಿಗೆ ತಿಳಿಯಿತು. ಇಂದು ಊರಿನ ರಮಾರಾಣಿ ಜೈನ ಶೋಧ ಸಂಸ್ಥಾನದಲ್ಲಿ ಓಲೆಗಳ ದೊಡ್ಡ ಸಂಗ್ರಹವಿದೆ.

ಸೇಠ್ ಮಾಣಿಕಚಂದರ ಹೆದರಿಕೆಗೆ ಉತ್ತರ ಇಷ್ಟೇ. ದ್ರವ್ಯವನ್ನು ಕಾಯಲು ಯಾರೂ ಬೇಡ. ಗುರು ಬಸದಿಯ ಓಲೆಯಲ್ಲಿರುವ ಇಂಗಾಲ ಒಂಬತ್ತು ನೂರು ವರ್ಷ ಹಿಂದೆ ಒಂದು ಶ್ರೀತಾಳೆ ಮರ ಗಾಳಿಯಿಂದ ಹೀರಿದ್ದು. ಹುಳ ತಿಂದರೆ, ಬೆಂಕಿಗೆ ಬಿದ್ದರೆ, ಪುಡಿಯಾದರೆ ಅದು ಗಾಳಿಗೇ ಮರಳುತ್ತದೆ. ನಿಯಮ ಎಂದೂ ತಪ್ಪುವುದಿಲ್ಲ, ಏಕೆಂದರೆ ಅದಕ್ಕೆ ಯಾವುದರ ಮೇಲೂ ಮಮಕಾರವಿಲ್ಲ. ಪರ್ಯಾಯಕ್ಕೆ ಮಾತ್ರ ಆಳು ಬೇಕು, ಕಣ್ಣು ಬೇಕು, ರಾತ್ರಿ ದೀಪದಲ್ಲಿ ಕೂತು ಬರೆಯುವ ಗಂಡಹೆಂಡಿರು ಬೇಕು, ಬರೆದದ್ದು ಸರಿಯೇ ಎಂದು ತಾಳೆ ನೋಡಲು ಹಳೆಯ ಓಲೆಯನ್ನು ಬಿಗಿಹಿಡಿದು ಕಾದವರೂ ಬೇಕು. ಗುಟ್ಟಾಗಿ ನಕಲು ಮಾಡಿದವನು ಇಲ್ಲದಿದ್ದರೆ ಗ್ರಂಥ ಹೊರಗೆ ಬರುತ್ತಿರಲಿಲ್ಲ. ನಕಲು ಕೊಡಲೊಪ್ಪದೆ ಮೂಲ ಕಾದವರು ಇಲ್ಲದಿದ್ದರೆ ಸಂಜದ ಸಿಗುತ್ತಿರಲಿಲ್ಲ.

ಷಟ್ಖಂಡಾಗಮ ಬರೆದು ಮುಗಿದ ದಿನವೆಂದು ಜೈನರು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿ ಆಚರಿಸುತ್ತಾರೆ. ಅಂದು ಪೂಜೆಯ ಜೊತೆಗೆ ಒಂದು ಕೆಲಸವೂ ಉಂಟು: ಗ್ರಂಥಗಳನ್ನು ಹೊರತೆಗೆದು, ಧೂಳು ಝಾಡಿಸಿ, ಗಾಳಿ ಬಿಸಿಲು ತೋರಿಸಿ, ಹೊಸ ಬಟ್ಟೆ ಸುತ್ತಿ ಕಟ್ಟುವುದು. ನಮ್ಮ ಕರಾವಳಿಯಲ್ಲಿ ಆ ಪಂಚಮಿ ಬರುವುದು ಮೇ ಕೊನೆಗೋ ಜೂನಿನಲ್ಲೋ, ಮಳೆ ಹಿಡಿಯುವ ಹೊತ್ತಿಗೆ. ಆ ವರ್ಷದ ಕೊನೆಯ ಬಿಸಿಲನ್ನು ಓಲೆಗೆ ಉಣಿಸಿ ಕಟ್ಟು ಬಿಗಿಯುವಷ್ಟರಲ್ಲಿ ಮೋಡ ಕವಿದಿರುತ್ತದೆ. ಇನ್ನು ಕೆಲವೇ ದಿನಗಳಲ್ಲಿ ಬಂಟ್ವಾಳದ ಕಡವಿನಲ್ಲಿ ನೇತ್ರಾವತಿ ಕೆಂಪಾಗಿ ಹರಿಯುತ್ತದೆ.